ನಾಲ್ಕನೆಯ ಬೆಕ್ಕು

ಕಾಫಿ ಹಣ್ಣಾಗುವ ಕಾಲದಲ್ಲಿ ಹೊರನಾಡು, ಕಳಸದ ಕಡೆಯ ತೋಟಗಳಲ್ಲಿ ಬೆಳಗಿನ ಹೊತ್ತು ನಡೆದರೆ, ಕಲ್ಲಿನ ಮೇಲೋ ಬಿದ್ದ ಮರದ ಮೇಲೋ ಕಾಫಿಬೀಜಗಳ ಮುದ್ದೆಯೊಂದು ಕಾಣುವುದುಂಟು. ಹಣ್ಣಿನ ತಿರುಳು ಕರಗಿ, ಬೀಜ ಮಾತ್ರ ಇಡಿಯಾಗಿ ಹೊರಬಿದ್ದಿರುತ್ತದೆ. ಅದು ಬೆಕ್ಕಿನ ಕೆಲಸವೆಂದು ತೋಟದ ಆಳುಗಳು ಹೇಳುತ್ತಾರೆ. ಯಾವ ಬೆಕ್ಕು ಎಂದು ನಾನು ಕೇಳಿದಾಗಲೆಲ್ಲ ಒಬ್ಬರು ಕಬ್ಬೆಕ್ಕು ಎಂದರೆ, ಇನ್ನೊಬ್ಬರು ಪುನುಗಿನ ಬೆಕ್ಕು ಎಂದಿದ್ದಾರೆ. ಮೂರನೆಯವರು ಎರಡೂ ಒಂದೇ ಎಂದು ಜಗಳ ತೀರಿಸಿದ್ದಾರೆ.

ಒಂದೇ ಅಲ್ಲ. ನಮ್ಮ ಬೆಟ್ಟಗಳಲ್ಲಿ ಇಂಥವು ಮೂರು ಇವೆ. ಇವು ನಿಜವಾದ ಬೆಕ್ಕುಗಳೂ ಅಲ್ಲ. ಪ್ರಾಣಿಶಾಸ್ತ್ರದವರು ಇವುಗಳಿಗೆ ಬೇರೆಯೇ ಕುಟುಂಬ ಕಟ್ಟಿದ್ದಾರೆ. ಮನೆಯ ಅಟ್ಟದಲ್ಲಿ ಸಂಸಾರ ಹೂಡಿ, ರಾತ್ರಿಯೆಲ್ಲ ಓಡಾಡಿ ನಿದ್ದೆ ಕೆಡಿಸುವುದು ಮೊದಲನೆಯದು. ಅದರ ಬೆನ್ನಿನ ಮೇಲೆ ಕಪ್ಪು ಗೆರೆಗಳಿವೆ, ಮುಖಕ್ಕೆ ಮುಸುಕು ಹಾಕಿದಂತೆ ಕಪ್ಪಿದೆ, ಬಾಲ ಬಳೆಗಳಿಲ್ಲದೆ ಕಪ್ಪಗಿದೆ. ಬೈನೆ ಮರದ ಹಣ್ಣೆಂದರೆ ಅದಕ್ಕೆ ಪ್ರಾಣ. ಎರಡನೆಯದು ನೆಲದ ಮೇಲೆಯೇ ಹೆಚ್ಚಾಗಿ ತಿರುಗುವ, ಮೈಮೇಲೆ ಸಾಲುಚುಕ್ಕೆಯೂ ಬಾಲದ ತುಂಬ ಕಪ್ಪು ಬಳೆಗಳೂ ಇರುವ ಚಿಕ್ಕ ಪ್ರಾಣಿ. ಪುನುಗಿನ ಬೆಕ್ಕೆಂಬ ಹೆಸರು ನ್ಯಾಯವಾಗಿ ಸಲ್ಲುವುದು ಇದಕ್ಕೆ. ಮೂರನೆಯದಕ್ಕೆ ಚುಕ್ಕೆಯಿಲ್ಲ, ಗೆರೆಯಿಲ್ಲ, ಮೈಯೆಲ್ಲ ಕಂದು. ಕತ್ತಿನ ಹಿಂಭಾಗದ ಕೂದಲು ಮಾತ್ರ ತಲೆಯ ಕಡೆಗೆ ತಿರುಗಿ ಬೆಳೆದಿರುತ್ತದೆ. 1885ರಲ್ಲಿ ಬ್ಲಾನ್‌ಫರ್ಡ್ ಇದನ್ನು ವರ್ಣಿಸಿ, ತನಗಿಂತ ಹಿಂದಿನ ಪಂಡಿತ ಜೆರ್ಡನನ ಹೆಸರಿಟ್ಟನು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಇಲ್ಲ.

ನಾನು ಹೇಳಹೊರಟಿರುವುದು ನಾಲ್ಕನೆಯದರ ಕಥೆ.

ಪುನುಗು ಮೊದಲಿಗೆ ಪ್ರಾಣಿಯಲ್ಲ, ಪದಾರ್ಥ. ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಒಸರುವ ಜಿಗುಟಾದ ಮೇದಸ್ಸು. ಹಸಿಯಾಗಿ ಮೂಗು ಮುಚ್ಚಿಕೊಳ್ಳಬೇಕಾದ ಈ ವಸ್ತು ತೆಳುಮಾಡಿದಾಗ ಸುಗಂಧವಾಗುತ್ತದೆ. ಕಸ್ತೂರಿ, ಪುನುಗು, ಜವಾಜಿ ಎಂದು ನಮ್ಮವರು ಒಂದೇ ಉಸಿರಿನಲ್ಲಿ ಹೇಳುತ್ತ ಬಂದಿದ್ದಾರೆ. ಈ ಜವಾಜಿ ಎಂಬ ಮಾತು ಅರಬ್ಬರ ‘ಜಬಾದ್’ ಎಂಬುದರಿಂದ ಬಂದದ್ದು. ಆ ಮಾತೇ ವ್ಯಾಪಾರದ ದಾರಿಯನ್ನು ತೋರಿಸುತ್ತದೆ. ಇಥಿಯೋಪಿಯದಲ್ಲಿ ಅಲ್ಲಿಯ ದೊಡ್ಡ ಜಾತಿಯನ್ನು ಪಂಜರದಲ್ಲಿ ಸಾಕಿ, ಮೇದಸ್ಸನ್ನು ಕೆರೆದು ತೆಗೆದು, ಎತ್ತಿನ ಕೊಂಬಿನಲ್ಲಿ ತುಂಬಿ ಹಡಗಿಗೆ ಹಾಕುತ್ತಿದ್ದರು. ತಿರುಮಲೆಯಲ್ಲಿ ಶುಕ್ರವಾರದ ಅಭಿಷೇಕವಾದ ಮೇಲೆ ಮೂರ್ತಿಗೆ ಪುನುಗಿನ ತೈಲ ಹಚ್ಚುವ ವಾಡಿಕೆ ಇಂದಿಗೂ ಉಂಟು. ಸುಗಂಧಕ್ಕಾಗಿ ಪಂಜರದಲ್ಲಿ ಕಡಲು ದಾಟಿ ಬರಬಲ್ಲ ಪ್ರಾಣಿ ಇದು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1862ರಲ್ಲಿ ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯ ಎಡ್ವರ್ಡ್ ಬ್ಲೈತ್ ಎರಡು ಹೊಸ ಪ್ರಾಣಿಗಳನ್ನು ಹೆಸರಿಸಿದನು. ಒಂದು ಬರ್ಮಾದ ದೊಡ್ಡ ಚುಕ್ಕೆಯ ಪುನುಗು ಬೆಕ್ಕು. ಇನ್ನೊಂದು ಮಲಬಾರಿನ ಪುನುಗು ಬೆಕ್ಕು. ಎರಡಕ್ಕೂ ಹೋಲಿಕೆ ಬಹಳ: ದಪ್ಪ ಚುಕ್ಕೆಗಳು, ಬಿಳಿಯ ಗಂಟಲಿಗೆ ಕಪ್ಪು ಪಟ್ಟಿಗಳು, ಬೆನ್ನಿನ ಉದ್ದಕ್ಕೂ ಸಿಟ್ಟು ಬಂದಾಗ ನೆಟ್ಟಗೆ ನಿಲ್ಲುವ ಕರಿಯ ಕೂದಲಿನ ಸಾಲು. ಗಾತ್ರದಲ್ಲಿ ನಮ್ಮ ಚಿಕ್ಕ ಪುನುಗಿನ ಬೆಕ್ಕಿನ ಎರಡರಷ್ಟಾದರೂ ಉಂಟು. ಐದು ವರ್ಷದ ಮೇಲೆ ಜೆರ್ಡನ್ ತನ್ನ ಸಸ್ತನಿಗ್ರಂಥದಲ್ಲಿ, ಇದು ಹೊನ್ನಾವರದಿಂದ ಕನ್ಯಾಕುಮಾರಿಯವರೆಗೆ ಕರಾವಳಿಯುದ್ದಕ್ಕೂ ಇದೆಯೆಂದು ಬರೆದನು. ಈತ ತಲಚೇರಿಯಲ್ಲಿ ಸರಕಾರಿ ವೈದ್ಯನಾಗಿದ್ದವನು, ಮಲಬಾರನ್ನು ಬಲ್ಲವನು. ಅವನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆಮೇಲೆ ಆದದ್ದೇ ವಿಚಿತ್ರ. ಕರಾವಳಿಯುದ್ದಕ್ಕೂ ಇದ್ದದ್ದೆಂದು ಹೇಳಿದ ಪ್ರಾಣಿ ಮೆಲ್ಲಗೆ ಪುಸ್ತಕಗಳಿಂದಾಚೆಗೆ ಕಾಣದಾಯಿತು. ಇಪ್ಪತ್ತನೆಯ ಶತಮಾನದ ನಡುವಿಗೆ ಅದು ಅಳಿದುಹೋಯಿತೆಂದೇ ಹಲವರು ನಂಬಿದ್ದರು. 1987ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಎಳಯೂರಿನಲ್ಲಿ ಎರಡು ಚರ್ಮಗಳು ದೊರೆತವು. ಗೇರುತೋಟಗಳ ಪೊದೆಯೇ ಅದರ ಕೊನೆಯ ಆಶ್ರಯವೆಂದೂ, ಆ ತೋಟಗಳೂ ರಬ್ಬರಿಗಾಗಿ ಕಡಿದುಹೋಗುತ್ತಿವೆಯೆಂದೂ ಆಗ ಬರೆದರು. ಅಂದಿನಿಂದ ಕಾಡುಕಾಡುಗಳಲ್ಲಿ, ಎದುರು ಪ್ರಾಣಿ ಸುಳಿದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾ ಕಟ್ಟಿ ಕಾದಿದ್ದಾರೆ. ಹುಲಿ ಬಂತು, ಚಿರತೆ ಬಂತು, ಮುಳ್ಳುಹಂದಿ ನೂರು ಸಲ ಬಂತು. ಇದು ಬರಲಿಲ್ಲ.

2010ರಲ್ಲಿ ಆರ್. ನಂದಿನಿ ಮತ್ತು ದಿವ್ಯಾ ಮುದ್ದಪ್ಪ ಎಂಬ ಇಬ್ಬರು ಸಂಶೋಧಕಿಯರು ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ, ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆ ಕೇಳಿದರು: ಈ ಪ್ರಾಣಿ ನಮ್ಮದು ಹೌದೇ? ಪುನುಗಿನ ವ್ಯಾಪಾರಕ್ಕಾಗಿ ಪೂರ್ವದೇಶಗಳಿಂದ ತಂದ ಬರ್ಮಾ ಜಾತಿಯೇ ಮಲಬಾರಿನ ಹೆಸರು ಹೊತ್ತು ಕುಳಿತಿರಬಾರದೇಕೆ? ಬ್ಲೈತನೇ ಎರಡನ್ನೂ ಹತ್ತಿರ ಹತ್ತಿರ ಇಟ್ಟಿದ್ದನಲ್ಲ! ಎಳಯೂರಿನ ಚರ್ಮಗಳೂ ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿಯದ್ದಾಗಿರಬಹುದೆಂದು ವಾದಿಸಲು ಎಡೆಯಿದೆ.

ನನಗೆ ಈ ಸಂಶಯ ಯೋಗ್ಯವೆಂದೇ ತೋರುತ್ತದೆ. ಆದರೆ ತೀರ್ಪು ಕೊಡುವಷ್ಟು ಬಲ ಅದಕ್ಕೆ ಬಂದಿಲ್ಲ. ಜೆರ್ಡನ್ ಹೇಳಿದ ಕರಾವಳಿಯ ಕಾಡು, ಹೊಳೆದಂಡೆಯ ಹಳುವ, ಇವೇ ಎಲ್ಲಕ್ಕಿಂತ ಮೊದಲು ಗದ್ದೆಯಾಗಿ, ತೆಂಗಿನ ತೋಟವಾಗಿ, ಊರಾಗಿ ಹೋದವು. ಇದ್ದ ಪ್ರಾಣಿ ಸುಳಿವಿಲ್ಲದೆ ಹೋಗಲು ಅಷ್ಟು ಸಾಕು. ಇಲ್ಲದ ಪ್ರಾಣಿಯೆಂದಾದರೆ, ಅಳಿವಿನಂಚಿನ ಪಟ್ಟಿಯ ತುದಿಯಲ್ಲಿ ಇಷ್ಟು ವರ್ಷ ಒಂದು ವ್ಯಾಪಾರದ ಸರಕನ್ನು ಇಟ್ಟುಕೊಂಡು ಶೋಕಿಸಿದಂತಾಯಿತು. ಎರಡರಲ್ಲಿ ಯಾವುದು ನಿಜವಾದರೂ ಮುಜುಗರ ನಮ್ಮದೇ. ಈ ನಡುವೆ, ಖಂಡಿತವಾಗಿ ನಮ್ಮದೇ ಆದ ಕಂದು ಬೆಕ್ಕಿಗೆ ನಮ್ಮ ತೋಟಗಳಲ್ಲಿ ಒಂದು ಬೇರೆ ಹೆಸರೂ ಇಲ್ಲ! ಕಾಡುಹಣ್ಣು ತಿಂದು ಬೀಜ ಬಿತ್ತುವ ಇದರ ಕೆಲಸವನ್ನೆಲ್ಲ ನಾವು ಕಬ್ಬೆಕ್ಕಿನ ಲೆಕ್ಕಕ್ಕೆ ಬರೆದಿದ್ದೇವೆ.

ಕಥೆ ಕೇರಳದಲ್ಲೇ ಮುಗಿಯುವುದಿಲ್ಲವೆಂದು ಇದನ್ನು ಬರೆದೆ. ಕಳಸಕ್ಕೆ ನೆರೆಯ ಕುದುರೆಮುಖದ ಕಾಡಿನಲ್ಲಿ ಸಿಂಗಳೀಕಗಳ ಅಧ್ಯಯನ ಮಾಡಿದ ಉಲ್ಲಾಸ ಕಾರಂತರು, 1986ರಲ್ಲಿ ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಕರ್ನಾಟಕದಿಂದ ಈ ಪ್ರಾಣಿಯ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಪ್ರಕಟಿಸಿದರು. ಕಂಡೆ ಎನ್ನಲಿಲ್ಲ, ಕಂಡಿರಬಹುದು ಎಂದಷ್ಟೇ ಹೇಳಿದರು. ಆ ‘ಬಹುದು’ವಿನಲ್ಲಿರುವ ಎಚ್ಚರಕ್ಕೆ ನಾನು ತಲೆಬಾಗುತ್ತೇನೆ. ಮರುವರ್ಷ, 1987ರಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು.

ರಾತ್ರಿ ಆ ದಾರಿಯಲ್ಲಿ ಬರುವವರ ದೀಪಕ್ಕೆ ಇಂಥದೊಂದು ಪ್ರಾಣಿ ಸಿಕ್ಕರೆ ಎರಡು ಕ್ಷಣ ನಿಂತು ನೋಡುತ್ತದೆ. ಆಗ ಬಾಲದ ಬಳೆಗಳನ್ನು ಎಣಿಸುತ್ತ ಕೂರಬೇಕಿಲ್ಲ, ಚಿಕ್ಕದಕ್ಕೂ ಬಳೆಗಳಿವೆ. ಬೆನ್ನನ್ನು ನೋಡಬೇಕು. ಹೆಗಲಿನಿಂದ ಬಾಲದವರೆಗೆ ಕರಿಯ ಕೂದಲು ನೆಟ್ಟಗೆ ಎದ್ದಿದೆಯೇ, ಇಲ್ಲವೇ?