ಎರಡನೆಯ ಭಾಗದ ಓದು: ‘ತುಳಸಿದಳ’, ‘ತುಳಸಿ’ ಮತ್ತು ಓದಿನ ಅನುಕ್ರಮ

ಜನಪ್ರಿಯ ಕಾದಂಬರಿಯ ಎರಡನೆಯ ಭಾಗವೆಂದರೆ ಮೊದಲನೆಯದರ ಯಶಸ್ಸನ್ನು ನೆಚ್ಚಿ ಕಥೆಯನ್ನು ಮುಂದಕ್ಕೆ ಎಳೆಯುವ ಬರಹ ಎಂಬ ಅಭಿಪ್ರಾಯ ಬಹುಕಾಲದಿಂದ ಇದೆ. ಜೆರಾರ್ ಜೆನೆಟ್ 1982ರ ‘ಪಾಲಿಂಪ್ಸೆಸ್ಟ್’ ಗ್ರಂಥದಲ್ಲಿ ಅಪೂರ್ಣ ಕೃತಿಯನ್ನು ಮುಗಿಸುವ ಬರಹವನ್ನೂ ಮುಗಿದ ಕೃತಿಯನ್ನು ಮುಂದುವರಿಸುವ ಬರಹವನ್ನೂ ಬೇರ್ಪಡಿಸಿದಾಗ ಈ ಅಭಿಪ್ರಾಯಕ್ಕೆ ಶಾಸ್ತ್ರೀಯ ರೂಪ ದೊರೆಯಿತು.

ಪ್ರೇಮ-ಕುಟುಂಬ ಕಾದಂಬರಿಗಳ ಮಟ್ಟಿಗೆ ಈ ವಿಂಗಡಣೆಯಿಂದ ಹೆಚ್ಚಿನ ತೊಡಕಿಲ್ಲ. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’, ‘ಕುಲವಧು’ ಒಂದೊಂದೇ ಸಂಪುಟದಲ್ಲಿ ಮುಗಿಯುತ್ತವೆ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಕಾದಂಬರಿಗಳನ್ನು ಆಧರಿಸಿದ ಪುಟ್ಟಣ್ಣ ಕಣಗಾಲರ 1972ರ ಚಿತ್ರದಲ್ಲಿ ರಾಮಾಚಾರಿ ಗುರುವಿನ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಅವಳ ದುರ್ಗತಿಯನ್ನು ಕಂಡಾಗ ಆ ತ್ಯಾಗದ ಬೆಲೆಯೇ ಪ್ರಶ್ನೆಗೊಳಗಾಗುತ್ತದೆ. ಹಿಂದಿನ ಘಟನೆಯ ಅರ್ಥ ಇಲ್ಲಿ ಬದಲಾದರೂ ಪ್ರೇಮಕಥೆ ಪ್ರೇಮಕಥೆಯಾಗಿಯೇ ಉಳಿಯುತ್ತದೆ.

ವೈದ್ಯಕೀಯ ರಹಸ್ಯದ ವಿಷಯ ಹಾಗಲ್ಲ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಬಂದು ಕನ್ನಡದ ಓದುಗರದೇ ಆಯಿತು. 1985ರಲ್ಲಿ ಕನ್ನಡ ಚಿತ್ರವೂ ಆಯಿತು. ಇಲ್ಲಿ ತುಳಸಿ ಎಂಬ ಬಾಲಕಿ ಕಾಯಿಲೆ ಬೀಳುತ್ತಾಳೆ. ವೈದ್ಯರೂ ಸಂಮೋಹನ ಬಲ್ಲವರೂ ರೋಗದ ಜಾಡು ಹಿಡಿದು ಹೋದರೆ, ಇನ್ನೊಂದು ಗುಂಪು ಕಾಷ್ಮೋರ ಎಂಬ ಮಾಟದ ಬೆನ್ನು ಹತ್ತುತ್ತದೆ. ಎರಡೂ ಪ್ರಯತ್ನಗಳು ಒಟ್ಟೊಟ್ಟಿಗೆ ಸಾಗಿ, ಮಗು ಬದುಕುತ್ತದೆ. ಉಳಿಸಿದ್ದು ಚಿಕಿತ್ಸೆಯೋ, ಮಾಟದ ನಿವಾರಣೆಯೋ ಎಂಬುದನ್ನು ಕಾದಂಬರಿ ತೀರ್ಮಾನಿಸುವುದಿಲ್ಲ.

ಸ್ವೆತಾನ್ ತೊದೊರೊವ್ 1970ರ ತನ್ನ ಗ್ರಂಥದಲ್ಲಿ ಅದ್ಭುತ ಸಾಹಿತ್ಯದ ಜೀವಾಳವೆಂದು ಗುರುತಿಸಿದ್ದು ಈ ಅನಿಶ್ಚಯವನ್ನೇ. ಸಹಜ ಕಾರಣ ಸಿಕ್ಕರೆ ಕೃತಿ ಒಂದು ವರ್ಗಕ್ಕೆ, ಅಲೌಕಿಕ ಕಾರಣ ಸಿಕ್ಕರೆ ಇನ್ನೊಂದಕ್ಕೆ ಸರಿಯುತ್ತದೆ. ಹೆನ್ರಿ ಜೇಮ್ಸ್‌ನ ‘ದಿ ಟರ್ನ್ ಆಫ್ ದಿ ಸ್ಕ್ರೂ’ದಂಥ ಕೆಲವು ಕೃತಿಗಳು ಮಾತ್ರ ಕಡೆಯವರೆಗೂ ಅನಿಶ್ಚಯದಲ್ಲೇ ಉಳಿಯುತ್ತವೆ. ನನ್ನ ಭಿನ್ನಾಭಿಪ್ರಾಯ ಇರುವುದು ‘ಕಡೆ’ ಎಲ್ಲಿದೆ ಎಂಬಲ್ಲಿ. ತೊದೊರೊವ್ ಒಂದು ಕೃತಿಯ ಕೊನೆಯ ಪುಟವನ್ನೇ ಓದಿನ ಕೊನೆಯೆಂದು ಎಣಿಸುತ್ತಾನೆ. ಆದರೆ ಮುಂದುವರಿದ ಕಥೆಯಾದ ‘ತುಳಸಿ’ಯಲ್ಲಿ ಕಾಷ್ಮೋರ ಮತ್ತೆ ಬರುತ್ತದೆ. ಅದನ್ನು ಓದಿ ಮುಗಿಸಿದವನು ‘ತುಳಸಿದಳ’ಕ್ಕೆ ಮರಳಿದರೆ, ವೈದ್ಯರು ರೋಗಲಕ್ಷಣಗಳನ್ನು ಚರ್ಚಿಸುವ ಪುಟಗಳು ತೂಕ ಕಳೆದುಕೊಳ್ಳುತ್ತವೆ. ಮೊದಲು ಅವು ಸಮಬಲದ ವಾದ. ಈಗ ದಾರಿ ತಪ್ಪಿದವರ ಊಹೆ. ಒಂದಕ್ಷರ ಬದಲಾಗದೆಯೂ ಮೊದಲ ಪುಸ್ತಕದ ಪ್ರಕಾರ ಬದಲಾಗಿದೆ. ಹಾಗಾಗಿ ಪ್ರಕಾರ ಎಂಬುದು ಕೃತಿಯ ಗುಣವಷ್ಟೇ ಅಲ್ಲ, ಓದಿನ ಅನುಕ್ರಮದ ಗುಣವೂ ಹೌದು ಎಂಬುದು ನನ್ನ ವಾದ.

ಇದಕ್ಕೆ ಮಿತಿಗಳಿವೆ. ವಾದ ನಿಂತಿರುವುದು ಮುಖ್ಯವಾಗಿ ಒಂದು ಜೋಡಿ ಕೃತಿಗಳ ಮೇಲೆ, ಅದೂ ಅನುವಾದಿತ ಕೃತಿಗಳ ಮೇಲೆ. ಲೇಖಕರು ಹೀಗೆ ಉದ್ದೇಶಿಸಿದ್ದರು ಎಂದೂ ನಾನು ಹೇಳುತ್ತಿಲ್ಲ. ಮೊದಲ ಭಾಗವನ್ನಷ್ಟೇ ಓದಿದವನ ಸಂಶಯ ಅಪೂರ್ಣ ಓದಿನ ಫಲವೂ ಅಲ್ಲ; ಆ ಪುಸ್ತಕದ ಮಟ್ಟಿಗೆ ಅದೇ ನ್ಯಾಯವಾದ ಓದು.

ಓದಿನ ಪರಿಸರವನ್ನು ಸೇರಿಸಿಕೊಂಡರೆ ಪ್ರಶ್ನೆ ಇನ್ನಷ್ಟು ಹಿಗ್ಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳಲ್ಲಿ ಕಾದಂಬರಿಗಳು ಗ್ರಂಥಾಲಯದ ಕಪಾಟಿನಿಂದಲೂ ಮನೆಯಿಂದ ಮನೆಗೆ ಕಡವಾಗಿಯೂ ಸಾಗುತ್ತವೆ. ಕೈಗೆ ಮೊದಲು ಸಿಗುವುದು ಮೊದಲ ಭಾಗವೇ ಆಗಬೇಕೆಂದಿಲ್ಲ. ‘ತುಳಸಿ’ಯಿಂದಲೇ ಆರಂಭಿಸಿದವರಿಗೆ ‘ತುಳಸಿದಳ’ದ ಅನಿಶ್ಚಯ ಒಮ್ಮೆಯಾದರೂ ದಕ್ಕುತ್ತದೆಯೇ? ಪಠ್ಯವೊಂದನ್ನೇ ಹಿಡಿದು ಇದನ್ನು ಬಗೆಹರಿಸಲಾಗದು. ಪುಸ್ತಕ ಎರವಲಿನ ದಾಖಲೆಗಳನ್ನೂ ಓದುಗರ ನೆನಪುಗಳನ್ನೂ ಜೊತೆಗಿಟ್ಟು ನೋಡುವ ಕೆಲಸ ಬಾಕಿಯಿದೆ.