‘ಹಾಲು ಸಾಲುತ್ತಿಲ್ಲ’ ಎಂಬ ಮಾತಿಗೆ ಸಿಕ್ಕ ಉತ್ತರಗಳು

ಹೆರಿಗೆಯಾದ ಎರಡನೆಯ ದಿನ ಮಗು ಅಳುತ್ತದೆ. ಕೋಣೆಯಲ್ಲಿದ್ದವರಲ್ಲಿ ಒಬ್ಬರಾದರೂ ‘ಹಾಲು ಸಾಲುತ್ತಿಲ್ಲ’ ಎನ್ನುತ್ತಾರೆ. ಬಾಣಂತಿಯ ಧೈರ್ಯ ಕುಸಿಯುವುದು ಆ ಮಾತಿಗೇ.

ನಮ್ಮ ಹಳೆಯ ಬಾಣಂತನದಲ್ಲಿ ಆಸರೆಗೆ ಕೊರತೆ ಇರಲಿಲ್ಲ. ತವರಿನ ಆರೈಕೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮಗುವನ್ನು ಎದೆಗೆ ಹಿಡಿಸಿ ತೋರಿಸುವ ಪಳಗಿದ ಕೈಗಳು. ಆದರೆ ಅವೇ ಕೈಗಳು ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಜೇನುತುಪ್ಪ ನೆಕ್ಕಿಸಿದ್ದೂ ಉಂಟು.

ಅಷ್ಟರಲ್ಲಿ ಡಬ್ಬಿಹಾಲು ಬಂತು. 1939ರಲ್ಲಿ ಸಿಂಗಪುರದಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ‘ಹಾಲು ಮತ್ತು ಕೊಲೆ’ ಎಂಬ ಭಾಷಣದಲ್ಲಿ ಅದರ ಪ್ರಚಾರವನ್ನು ನೇರವಾಗಿ ದೂರಿದರು. ಜಗತ್ತು ಕಿವಿಗೊಡಲು ದಶಕಗಳೇ ಹಿಡಿದವು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಡಬ್ಬಿಹಾಲಿನ ಮಾರಾಟ ಸಂಹಿತೆಯನ್ನು ಅಂಗೀಕರಿಸಿದಾಗ 118 ದೇಶಗಳು ಪರ, ಅಮೆರಿಕ ಒಂದೇ ವಿರುದ್ಧ. ಭಾರತ 1992ರಲ್ಲಿ ಕಾನೂನು ಮಾಡಿ, ಎದೆಹಾಲಿನ ಬದಲಿಗಳ ಜಾಹೀರಾತನ್ನೇ ನಿಷೇಧಿಸಿತು.

ಜಾಹೀರಾತು ನಿಂತ ಮಾತ್ರಕ್ಕೆ ತಾಯಿಗೆ ಕುಡಿಸುವುದು ಬಂದುಬಿಡುವುದಿಲ್ಲ. ಇದನ್ನು ಬೇಗ ಅರಿತವರು ಅಮೆರಿಕದ ಇಲಿನಾಯ್‌ನ ಏಳು ತಾಯಂದಿರು. 1956ರಲ್ಲಿ ಲಾ ಲೆಚೆ ಲೀಗ್ ಕಟ್ಟಿ, ತಾಯಿಗೆ ತಾಯಿಯೇ ಕಲಿಸುವ ದಾರಿ ಹಾಕಿದರು. 1991ರಲ್ಲಿ ಶುರುವಾದ ‘ಶಿಶುಸ್ನೇಹಿ ಆಸ್ಪತ್ರೆ’ ಯೋಜನೆ ಆ ಹೊಣೆಯನ್ನು ಹೆರಿಗೆ ವಾರ್ಡಿನ ಸಿಬ್ಬಂದಿಗೆ ಒಪ್ಪಿಸಿತು.

ನನ್ನ ಮಟ್ಟಿಗೆ ದೊಡ್ಡ ತಿರುವು ಇದೇ: ‘ಎದೆಹಾಲು ಅಮೃತ’ ಎಂಬ ಗೋಡೆಬರಹದಿಂದ, ಪಕ್ಕದಲ್ಲಿ ಕೂತು ತೋರಿಸುವ ಕಸುಬಿಗೆ ಬಂದದ್ದು. ಮಗು ಬರೀ ತೊಟ್ಟನ್ನಲ್ಲ, ಸುತ್ತಲಿನ ಕಪ್ಪು ಭಾಗವನ್ನೂ ಬಾಯ್ತುಂಬ ಹಿಡಿಯಬೇಕು. ಗದ್ದ ಎದೆಗೆ ತಾಗಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು. ಹಿಡಿತ ತಪ್ಪಿದರೆ ತೊಟ್ಟು ಒಡೆಯುತ್ತದೆ, ನೋವಿಗೆ ಹೆದರಿ ತಾಯಿ ಕುಡಿಸುವುದನ್ನು ಕಡಿಮೆ ಮಾಡುತ್ತಾಳೆ, ಎದೆ ಬರಿದಾಗದೆ ಹಾಲಿನ ಉತ್ಪತ್ತಿಯೂ ತಗ್ಗುತ್ತದೆ. ‘ಸಾಲುತ್ತಿಲ್ಲ’ ಎಂಬ ಹೆದರಿಕೆ ಹಾಗೆ ನಿಜವಾಗಿಬಿಡುತ್ತದೆ! ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು ಸುಮಾರು ಒಂದು ಟೀ ಚಮಚದಷ್ಟು. ಹಾಲು ತುಂಬಿ ಇಳಿಯುವುದು ಎರಡು, ಮೂರನೆಯ ದಿನದ ಹೊತ್ತಿಗೆ. ಇಷ್ಟನ್ನು ಮೊದಲೇ ಹೇಳಿದ್ದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ನನ್ನನ್ನು ಕಾಡುತ್ತವೆ. 2015-16ರಿಂದ 2019-21ರ ನಡುವೆ ಆಸ್ಪತ್ರೆ ಹೆರಿಗೆಗಳು ಶೇ. 78.9ರಿಂದ 88.6ಕ್ಕೆ ಏರಿದವು. ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುವವರು ಶೇ. 54.9ರಿಂದ 63.7ಕ್ಕೆ ಏರಿದರು. ಆದರೆ ಹುಟ್ಟಿದ ಗಂಟೆಯೊಳಗೆ ಹಾಲು ಸಿಕ್ಕ ಮಕ್ಕಳು? ಶೇ. 41.6 ಇದ್ದದ್ದು 41.8. ವೈದ್ಯರು, ದಾದಿಯರು ಎದುರಿಗೇ ಇರುವ ಆ ಒಂದು ಗಂಟೆಯಲ್ಲೇ ನಾವು ಅಲುಗಾಡಿಲ್ಲ. ಸಿಸೇರಿಯನ್ ಆದವಳ ಮಗುವನ್ನು ಬೇರೆ ಕೋಣೆಗೆ ಒಯ್ಯುವ ರೂಢಿ ಇನ್ನೂ ಗಟ್ಟಿ.

ಆಮೇಲಿನ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ನೆರವಾಗುತ್ತಾರೆ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ 3ನೆಯ ದಿನದಿಂದ 42ನೆಯ ದಿನದವರೆಗೆ ಆರು ಭೇಟಿ ಎಂಬುದು ನಿಯಮ. ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ಅವರು ಲೆಕ್ಕ ಹೇಳಬಲ್ಲರು.

ಕುಡಿಸಲು ಬಿಡುವೂ ಬೇಕು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿತು. ಕೂಲಿಗೆ ಹೋಗುವವಳಿಗೆ ಆ ರಜೆಯಿಲ್ಲ. ಅವಳಿಗೆ ಬೇಕಾದದ್ದು ಹಾಲು ಹಿಂಡಿಡುವ ಪಾಠ: ಶುಚಿಯಾದ ಪಾತ್ರೆ, ತಂಪಾದ ಜಾಗ, ನಾಲ್ಕು ಗಂಟೆಯ ಮಿತಿ. ಅವಳು ಕೂಲಿಗೆ ಹೋದಾಗ ಆ ಹಾಲನ್ನು ಅಜ್ಜಿ ಒಳಲೆಯಲ್ಲಿ ಕುಡಿಸುತ್ತಾಳೆ.