ಎಡೆದೊರೆನಾಡಿನ ಹಾಸು ಹೊದಿಕೆ

ಕಾರ್ಪೆಟ್ಟಿಗೆ ಕನ್ನಡದಲ್ಲಿ ಸೊಗಸಾದ ಹೆಸರೊಂದಿದೆ: ರತ್ನಗಂಬಳಿ. ಅರಸನ ಸಿಂಹಾಸನದ ಮುಂದೆ ಹಾಸಿದ್ದಾದರೂ ಸರಿಯೆ, ನಮ್ಮ ಭಾಷೆಗೆ ಅದು ಕಂಬಳಿಯೇ. ಮೇಲೊಂದು ರತ್ನ ಕೂಡಿಕೊಂಡಿದೆ, ಅಷ್ಟೆ. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯನ್ನು ಓದಿದವರಿಗೆ ಈ ರತ್ನಗಂಬಳಿಯ ನೆನಪು ಇದ್ದೀತು. ಅರಸನೇ ಕೊಳ್ಳಲಾರದೆ ಬಿಟ್ಟ ಕಂಬಳಿಯನ್ನು ಸುಕುಮಾರನ ತಾಯಿ ಯಶೋಭದ್ರೆ ಕೊಂಡು, ತುಂಡುಮಾಡಿಸಿ, ತನ್ನ 32 ಮಂದಿ ಸೊಸೆಯರಿಗೆ ಕಾಲಿನ ಮೆಟ್ಟು ಮಾಡಿಸಿದಳಂತೆ! ಸಾವಿರ ವರ್ಷದಷ್ಟು ಹಳೆಯ ಕನ್ನಡ ಗದ್ಯದಲ್ಲಿ ಸಿರಿವಂತಿಕೆಗೆ ಅಳತೆಗೋಲಾಗಿ ಬಂದದ್ದು ಒಂದು ಕಂಬಳಿ ಎಂಬುದನ್ನು ಗಮನಿಸಬೇಕು.

ಈಚೆಗೆ ನಮ್ಮ ನಗರಗಳಲ್ಲಿ ಮನೆಯನ್ನು ಸಿಂಗರಿಸುವ ಹವ್ಯಾಸ ಚೆನ್ನಾಗಿಯೇ ಬೆಳೆದಿದೆ. ಕೂಸಿಗೊಂದು ಪ್ರತ್ಯೇಕ ಕೋಣೆ, ಕೋಣೆಗೆ ಒಪ್ಪುವ ತೊಟ್ಟಿಲು, ನೆಲಕ್ಕೆ ಯಂತ್ರದಲ್ಲಿ ನೆಯ್ದ ಪಾರಸಿ ಮಾದರಿಯ ಗಾಲೀಚೆ. ಇದನ್ನು ಹಳಿಯುವ ಉದ್ದೇಶ ನನಗಿಲ್ಲ. ಚೆಂದದ ಮನೆ ಯಾರಿಗೆ ಬೇಡ? ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆಯ ಹಳೆಯ ಮನೆಗಳಲ್ಲಿ ನೆಲಕ್ಕೇನು ಹಾಸಿದ್ದರು, ಮಗುವನ್ನು ಯಾವುದರ ಮೇಲೆ ಮಲಗಿಸುತ್ತಿದ್ದರು ಎಂದು ಕೇಳಿಕೊಂಡಾಗ, ಬಡನಾಡೆಂದು ನಾವು ಬದಿಗಿಟ್ಟ ಪ್ರದೇಶದಲ್ಲಿ ಇದಕ್ಕೊಂದು ದೊಡ್ಡ ಚರಿತ್ರೆಯೇ ಇದೆ ಎಂದು ನನಗೆ ತೋರಿತು.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲಕ್ಕೆ ಶಾಸನಗಳು ಎಡೆದೊರೆ ಎಂದು ಹೆಸರಿಟ್ಟಿವೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡದ್ದು, ಅದರಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕ ಎಂಬ ಹೆಸರೇ ಸಿಕ್ಕಿದ್ದು ಎಲ್ಲರೂ ಬಲ್ಲ ಸಂಗತಿ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ ಆಲ್ಚಿನ್ನರು ಅಗೆದು ತೆಗೆದದ್ದು ಅದಕ್ಕೂ ಹಿಂದಿನ, ದನಕರು ಸಾಕುತ್ತಿದ್ದ ಜನರ ನೆಲೆಯನ್ನು. ಮುಂದೆ ವಿಜಯನಗರದವರೂ ಬಹಮನಿ ಸುಲ್ತಾನರೂ, ಆಮೇಲೆ ವಿಜಾಪುರದ ಆದಿಲಶಾಹಿಗಳೂ ಈ ತುಂಡು ನೆಲಕ್ಕಾಗಿ ಹೊಡೆದಾಡಿದರು. 1520ರಲ್ಲಿ ರಾಯಚೂರನ್ನು ಗೆದ್ದ ಕೃಷ್ಣದೇವರಾಯನ ಅರಮನೆಯನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ನೋಡಿ ಬರೆದಿದ್ದಾನೆ. ಅಲ್ಲಿ ಅವನು ಕಂಡ ಒಂದು ಮಂಚ ನೆಲಕ್ಕೆ ತಾಗದೆ ಬೆಳ್ಳಿಯ ಸರಪಳಿಗಳಿಂದ ತೂಗುತ್ತಿತ್ತು. ಇನ್ನೊಂದು ಕೋಣೆಯಲ್ಲಿ ಚಿನ್ನದ ಸರಪಳಿ. ದೂರದೇಶದವನು ಬೆರಗಾದ. ನಮ್ಮ ಕಡೆಯ ಹೆಂಗಸರು ನೋಡಿದ್ದರೆ, ದೊಡ್ಡವರಿಗೂ ಒಂದು ತೊಟ್ಟಿಲು ಕಟ್ಟಿದ್ದಾರೆ ಎಂದು ನಕ್ಕುಬಿಡುತ್ತಿದ್ದರೇನೋ!

ಅರಮನೆಯ ಮಾತು ಇರಲಿ. ಸಾಮಾನ್ಯರ ಮನೆಯಲ್ಲಿ ಮೊದಲ ಸ್ಥಾನ ಕಂಬಳಿಯದು. ದಖ್ಖನಿ ಕುರಿಯ ಕರಿಯ ಉಣ್ಣೆಯನ್ನು ವರ್ಷಕ್ಕೆರಡು ಬಾರಿ ಕತ್ತರಿಸಿ, ನೂತು, ಹಾಸಿನ ನೂಲಿಗೆ ಹುಣಿಸೆಬೀಜದ ಗಂಜಿ ಹಚ್ಚಿ, ಕುಣಿಮಗ್ಗದಲ್ಲಿ ನೆಯ್ಯುತ್ತಿದ್ದರು. ಆ ಗಂಜಿಯಿಂದಲೇ ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿ ನಿಲ್ಲುವುದು, ಮಳೆಯ ನೀರು ಬೇಗ ಒಳಗಿಳಿಯದಿರುವುದು. ಕುರುಬನಿಗೆ ಅದು ಕೊಡೆ, ಹಾಸಿಗೆ, ಹೊದಿಕೆ ಎಲ್ಲವೂ ಹೌದು. ಬಂದ ನೆಂಟನಿಗೆ ಹಾಸುವುದೂ ಅದನ್ನೇ, ದೇವರ ಕಾರ್ಯದಲ್ಲಿ ಗದ್ದುಗೆಯಾಗುವುದೂ ಅದೇ. ಕುರ್ಚಿಗೆ ಈ ಗೌರವ ಇನ್ನೂ ದಕ್ಕಿಲ್ಲ.

ಜಮಖಾನೆ ಬಂದದ್ದು ಬೇರೆ ದಾರಿಯಿಂದ. ನವಲಗುಂದದ ಜಮಖಾನೆಯನ್ನು ನೆಯ್ಯುವವರು ಮುಸಲ್ಮಾನ ಹೆಂಗಸರು. ತಮ್ಮ ಹಿರಿಯರು ಆದಿಲಶಾಹಿಗಳ ವಿಜಾಪುರದಿಂದ ಬಂದವರೆಂಬುದು ಅವರ ನಂಬಿಕೆ. ಮಗ್ಗ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಹೊಕ್ಕಿನ ನೂಲನ್ನು ಬೆರಳಿನಲ್ಲಿಯೇ ಪೋಣಿಸಿ, ಹಾಸು ಕಾಣದಂತೆ ಬಾಚಣಿಗೆಯಂಥ ಉಪಕರಣದಿಂದ ತಟ್ಟಿ ಕೂರಿಸುತ್ತಾರೆ. ನವಿಲು, ಪಗಡೆಯ ಹಾಸು, ಗೆರೆಗಳು, ಎಲ್ಲವೂ ಎರಡು ಬದಿಗೂ ಒಂದೇ ಸಮನೆ ಮೂಡುತ್ತವೆ. ಇಂದು ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯಿದೆ. ನೆಯ್ಯುವ ಕೈಗಳು ಮಾತ್ರ ಬಹಳ ಕಡಿಮೆಯಾಗಿವೆ. ಲಿಂಗಸುಗೂರಂತೂ ಒಂದು ಕಾಲಕ್ಕೆ ಛಾವಣಿಯಿದ್ದ ಊರು, 1905ರವರೆಗೆ ನಿಜಾಮರ ಸೀಮೆಯ ಜಿಲ್ಲಾಸ್ಥಳ. ಅಲ್ಲಿನ ಕಚೇರಿ, ಡೇರೆಗಳಿಗೆ ಜಮಖಾನೆ ಇಲ್ಲದೆ ನಡೆದಿರಲಾರದೆಂದು ನನ್ನ ಊಹೆ.

ಇನ್ನು ಮಗುವಿನ ಮಾತು. ಚೊಚ್ಚಲ ಹೆರಿಗೆ ತವರಿನಲ್ಲಿ. ತೊಟ್ಟಿಲು ಕೊಡುವ ಹೊಣೆಯೂ ತವರಿನದೇ. ಉಳ್ಳವರು ಕಲಘಟಗಿಯ ತೊಟ್ಟಿಲು ತರಿಸುವರು. ಅರಗಿನ ಬಣ್ಣಗಳಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣದ ದೃಶ್ಯಗಳನ್ನು ಬರೆದ ಆ ತೊಟ್ಟಿಲು ನಾಲ್ಕಾರು ತಲೆಮಾರಿನ ಕೂಸುಗಳನ್ನು ತೂಗುವುದುಂಟು. ಇಲ್ಲದವರಿಗೆ ಹಳೆಯ ಸೀರೆಯ ಜೋಲಿ ಇದ್ದೇ ಇದೆ. ತಲೆಗೆ ಖಣದ ಕುಲಾಯಿ, ಕುಂಚಿಗೆ. ಆದರೆ ತೊಟ್ಟಿಲಿಗಾಗಲಿ ನೆಲಕ್ಕಾಗಲಿ ಕೂಸಿನ ಮೈಗೆ ತಾಗುವಂತೆ ಹಾಸುತ್ತಿದ್ದದ್ದು ಕೌದಿ.

ಕೌದಿಯನ್ನು ಚಿಂದಿಯ ಹೊಲಿಗೆ ಎನ್ನುವವರು ಅದರ ಮೇಲೆ ಮಲಗಿದವರಲ್ಲ. ಲಿಂಗಸುಗೂರಿಗೆ ಇಳಕಲ್ಲು ನೆರೆಯೂರು. ಅಲ್ಲಿನ ನೂಲಿನ ಸೀರೆ ಹತ್ತಾರು ವರ್ಷ ಉಟ್ಟು, ನೂರಾರು ಸಲ ಒಗೆದು, ಬೆಣ್ಣೆಯಂತೆ ಮೆತ್ತಗಾದ ಮೇಲೆ ಕೌದಿಯ ಪದರಾಗುತ್ತಿತ್ತು. ಅಜ್ಜಿಯ ಸೀರೆ ಒಳಗೆ, ಅಜ್ಜನ ಧೋತರ ಅದರ ಕೆಳಗೆ, ಮೇಲೆ ಬಣ್ಣದ ತುಂಡುಗಳು. ದಪ್ಪ ದಾರದಲ್ಲಿ ಅಂಚಿನಿಂದ ಹೊರಟ ಹೊಲಿಗೆ ಚೌಕಚೌಕವಾಗಿ ಸುತ್ತುತ್ತ ನಡುವಿಗೆ ಬಂದು ಮುಗಿಯುವುದು. ಹೊಸ ಬಟ್ಟೆ ಎಳೆಯ ಚರ್ಮಕ್ಕೆ ಒಗ್ಗದು. ಆದ್ದರಿಂದ ಹಳೆಯದನ್ನು ಬಳಸಿದ್ದು ಬಡತನಕ್ಕಾಗಿ ಮಾತ್ರವಲ್ಲ, ತಿಳಿದೇ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಕೌದಿಯ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಚಿ ‘ಫೂಲ’ ಎಂಬ ಹೂವನ್ನಿಡುತ್ತಾರೆ. ಅದಿಲ್ಲದ ಕೌದಿ ಬತ್ತಲೆ ಎಂದು ಅವರ ಭಾವನೆ.

ಇದೆಲ್ಲ ಹೇಗೆ ಕರಗಿತು? ಹೊಸ ಫ್ಯಾಷನ್ನಿನ ಮೇಲೆ ತಪ್ಪು ಹೊರಿಸುವುದು ಸುಲಭ, ಆದರೆ ಅದು ಅರ್ಧ ಮಾತು. ಎಡೆದೊರೆಯ ಕರಿಮಣ್ಣಿನಲ್ಲಿ ಜೋಳದ ಜೊತೆಗೆ ಹತ್ತಿ ಬೆಳೆಯುತ್ತಿತ್ತು, ಬೀಳುನೆಲದಲ್ಲಿ ಕುರಿ ಮೇಯುತ್ತಿದ್ದವು. 1953ರಿಂದ ತುಂಗಭದ್ರೆಯ ನೀರು ಕಾಲುವೆಗಳಿಗೆ ಇಳಿಯತೊಡಗಿತು. ಎಡದಂಡೆಯ ಕಾಲುವೆಯ ಯೋಜನೆ ಹಾಕಿದವರ ಮನಸ್ಸಿನಲ್ಲಿದ್ದದ್ದು ಕಡಿಮೆ ನೀರಿನ ಬೆಳೆಗಳೇ ಹೆಚ್ಚು. ನೀರು ಕಂಡ ರೈತ ಬತ್ತ ಬೆಳೆದ. ಸಿಂಧನೂರು ಬತ್ತದ ನಾಡಾಯಿತು, ಆಂಧ್ರದಿಂದ ಬಂದ ರೈತರ ‘ಕ್ಯಾಂಪು’ಗಳು ಎದ್ದವು. ಹಸಿವು ಹಿಂಗಿದ್ದು ಸಣ್ಣ ಮಾತಲ್ಲ. ಇದನ್ನು ನಷ್ಟದ ಲೆಕ್ಕದಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಆದರೆ ಗದ್ದೆಯಾದಲ್ಲಿ ಕುರಿಗೆ ಜಾಗವಿಲ್ಲ. ಕುರಿಗಾರರೂ ಉಣ್ಣೆಯ ಕುರಿಯನ್ನು ಬಿಟ್ಟು ಮಾಂಸದ ತಳಿಗಳ ಕಡೆ ಹೊರಳಿದರು. ಇತ್ತ ಸೀರೆಯ ಪೆಟ್ಟಿಗೆಗೆ ಪಾಲಿಯೆಸ್ಟರ್ ಬಂತು. ಅದು ಹರಿಯುವುದೂ ಇಲ್ಲ, ಮೆತ್ತಗಾಗುವುದೂ ಇಲ್ಲ, ಬೆವರನ್ನು ಹೀರುವುದೂ ಇಲ್ಲ. ಕೌದಿಯ ಕಲೆ ಮರೆತುಹೋಯಿತು ಎನ್ನುತ್ತಾರೆ. ಹೊಲಿಯಬಲ್ಲ ಹೆಂಗಸರು ಇನ್ನೂ ಇದ್ದಾರೆ, ಮುಗಿದುಹೋದದ್ದು ಹಳೆಯ ನೂಲಿನ ಬಟ್ಟೆ.

ಸಿಂಧನೂರಿನ ಮಟ್ಟಿಗೆ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿ ಶಿಬಿರಗಳು ಈ ತಾಲ್ಲೂಕಿನಲ್ಲಿವೆ; ಜನ ಅವನ್ನು ಆರ್.ಎಚ್. ಕ್ಯಾಂಪುಗಳೆನ್ನುತ್ತಾರೆ. ಬಂಗಾಳದ ಕಾಂಥಾ ಸಹ ಹಳೆಯ ಸೀರೆಗಳ ಪದರದ ಮೇಲಿನ ಹೊಲಿಗೆಯೇ. ಹಿಂದೆ ಅದರ ಬಣ್ಣದ ದಾರವನ್ನೂ ಸೀರೆಯ ಅಂಚಿನಿಂದಲೇ ಎಳೆದು ತೆಗೆಯುತ್ತಿದ್ದರು. ಅಲ್ಲಿಯೂ ಅದು ಹುಟ್ಟಿದ ಕೂಸಿಗೆಂದು ಅಜ್ಜಿ ಹೊಲಿಯುವ ಹಾಸು. ಹೀಗೆ ಕೌದಿಯ ನಾಡು, ಕಾಂಥಾದ ನಾಡಿನವರಿಗೆ ಇರಲು ಸ್ಥಳ ಕೊಟ್ಟಂತಾಯಿತು.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಇಳಕಲ್ಲಿನ ಅಪ್ಪಟ ನೂಲಿನ ಸೀರೆಗಳು ಇನ್ನು ಮೂರು ಉಳಿದಿವೆ. ದೊಡ್ಡದೊಂದು ಕೌದಿಗೆ ನಾಲ್ಕೈದಾದರೂ ಬೇಕು. ತೊಟ್ಟಿಲಿನದಕ್ಕೆ ಇವೇ ಸಾಕು.